ಮೈದನಹಳ್ಳಿಯ ಜಿಂಕೆ, ಆಫ್ರಿಕಾದ ಸಿವಂಗಿ

ಸಮುದ್ರವನ್ನು ಕಾಣದ ಸೀಮೆಯಲ್ಲಿ ಊರಿಗೆ ಸಮುದ್ರವೆಂದು ಹೆಸರಿಡುವ ವಾಡಿಕೆ ನಮ್ಮದು. ಕೆರೆಯೊಂದು ಕೋಡಿ ಬಿದ್ದರೆ ಅದೇ ನಮಗೆ ಕಡಲು. ನಮ್ಮ ಬಲಸಮುದ್ರವೂ ಅಂಥದೊಂದು ಹೆಸರು ಹೊತ್ತ ಊರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಬಂಡೆಗಲ್ಲಿನ ಬಯಲಿನಲ್ಲಿ ಹುಟ್ಟಿದವರು ದೂರದ ಪಯಣವೆಂದರೆ ಎಡೆಯೂರು, ಶ್ರೀಶೈಲ, ಉಳವಿ, ಕೂಡಲಸಂಗಮಗಳನ್ನು ನೆನೆಯುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿದ್ದರೆ ಕಾಶಿ, ಕೇದಾರ. ಅಂಥ ಮನೆಯೊಂದರಲ್ಲಿ ಕಳೆದ ವರ್ಷದ ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿ ಆಫ್ರಿಕಾ ಖಂಡದ ಭೂಪಟವೊಂದು ಹರಡಿಕೊಂಡಿತು.

ತಂದವನು ನನ್ನ ಅಣ್ಣನ ಮಗ. ಬೆಂಗಳೂರಿನಲ್ಲಿ ಉದ್ಯೋಗ; ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ. ಬೇಸಿಗೆ ರಜೆಯಲ್ಲಿ ತಂದೆತಾಯಿಗಳನ್ನೂ ಕರೆದುಕೊಂಡು ಆಫ್ರಿಕಾದ ಸಫಾರಿಗೆ ಹೋಗಬೇಕೆಂಬುದು ಅವನ ಸಂಕಲ್ಪ. ಅಣ್ಣನಿಗೆ ಆಗ ಎಪ್ಪತ್ತೆರಡು, ಅತ್ತಿಗೆಗೆ ಅರುವತ್ತೇಳು. ಅಣ್ಣ ಮಂಡಿನೋವಿನವನು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವನು. ಹೊಲ, ದನ, ಕೆರೆಯ ನೀರಿನ ಸರದಿ ಎಂದು ಹೇಳಿಕೊಂಡು ಆತ ಐವತ್ತು ವರ್ಷಗಳಲ್ಲಿ ಒಟ್ಟಿಗೆ ಮೂರು ರಾತ್ರಿ ಊರು ಬಿಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತಿಗೆಯೂ ಅದರಿಂದಾಗಿ ಎಲ್ಲಿಗೂ ಹೋದವರಲ್ಲ. ಮಗನಿಗೆ ಈ ವಿಷಯ ಬಹುಕಾಲದಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು. "ಚಿಕ್ಕಪ್ಪ, ಯಾವ ದೇಶವೆಂಬುದನ್ನು ನಾನು ನೋಡಿಕೊಳ್ಳುತ್ತೇನೆ, ಅಪ್ಪನನ್ನು ಒಪ್ಪಿಸುವ ಭಾರ ನಿಮ್ಮದು" ಎಂದ. ಆದದ್ದು ಅದಕ್ಕೆ ವಿಪರೀತ. ಅಣ್ಣ ಒಪ್ಪಿದ, ದೇಶವನ್ನು ಆರಿಸುವುದೇ ಕಷ್ಟವಾಯಿತು.

ಸಫಾರಿ ಎಂಬ ಮಾತು ನನ್ನ ಕಾಲದವರಿಗೆ ಬಟ್ಟೆಯ ಹೆಸರು. ಮಾವನ ಮನೆಯವರು ಅಳಿಯನಿಗೆ ಸಫಾರಿ ಸೂಟು ಹೊಲಿಸದಿದ್ದರೆ ಬೀಗರಲ್ಲಿ ಮುನಿಸು ಹುಟ್ಟುತ್ತಿದ್ದ ಕಾಲವೊಂದಿತ್ತು. ಮೂಲದಲ್ಲಿ ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದ, ಅರಬ್ಬಿಯಿಂದ ಬಂದದ್ದು. ಅರ್ಥ ಪ್ರಯಾಣ, ಅಷ್ಟೆ. ಬೇಟೆಗಾರ ದೊರೆಗಳ ಕೈಗೆ ಸಿಕ್ಕಿ ಬೇಟೆಯ ಪಯಣವಾಯಿತು. ಈಗ ಬಂದೂಕಿನ ಸ್ಥಳದಲ್ಲಿ ಕ್ಯಾಮೆರಾ ಬಂದಿದೆ. ಸಾತ್ವಿಕ ಆಹಾರದ, ಜೀವದಯೆಯನ್ನು ಹೇಳಿಕೊಂಡು ಬಂದ ಮನೆಗಳವರು ಇಂದು ಸಫಾರಿಗೆ ಹೋಗಬಹುದಾದರೆ ಅದು ಈ ಬದಲಾವಣೆಯಿಂದ.

ಅವನು ತಂದದ್ದು ಮೂರು ಆಯ್ಕೆ. ಮೊದಲನೆಯದು ಕೀನ್ಯಾ ದೇಶದ ಮಾಸಾಯಿ ಮಾರಾ. ಎರಡನೆಯದು ಅದಕ್ಕೆ ತಾಗಿಕೊಂಡೇ ಇರುವ, ಟಾಂಜಾನಿಯಾದ ಸೆರೆಂಗೆಟಿ ಮತ್ತು ಗೊರೊಂಗೊರೊ. ಮೂರನೆಯದು ದಕ್ಷಿಣ ಆಫ್ರಿಕಾದ ಕ್ರೂಗರ್. ಅವನ ಮನಸ್ಸು ಮಾರಾದ ಮೇಲೆ. ವೈಲ್ಡ್‌ಬೀಸ್ಟ್ ಎಂಬ, ದನದ ಮುಖ ಕುದುರೆಯ ಬಾಲದ ಮೃಗಗಳು ಹತ್ತು ಲಕ್ಷಕ್ಕೂ ಮೀರಿ ಹುಲ್ಲನ್ನು ಅರಸುತ್ತ ಸೆರೆಂಗೆಟಿಯಿಂದ ಮಾರಾಕ್ಕೆ ಬಂದು ಹಿಂದಿರುಗುತ್ತವೆ. ನಡುವೆ ಮೊಸಳೆಗಳಿರುವ ಮಾರಾ ನದಿಯನ್ನು ಹಾಯುತ್ತವೆ. ಆ ಚಿತ್ರವನ್ನು ದೂರದರ್ಶನದಲ್ಲಿ ನೋಡದವರು ಯಾರು?

ಅಣ್ಣ ಭೂಪಟವನ್ನು ಬಹಳ ಹೊತ್ತು ನೋಡಿ, "ಜಿಂಕೆ ನೋಡುವುದಕ್ಕೆ ಕಡಲು ದಾಟಬೇಕೇನಪ್ಪ? ಎಳೆಯನಾಗಿದ್ದಾಗ ಹುರುಳಿ ಹೊಲದ ಅಟ್ಟಣೆಯ ಮೇಲೆ ಕೂತು ರಾತ್ರಿಯೆಲ್ಲ ಅವನ್ನು ಅಟ್ಟಿದವನು ನಾನು" ಎಂದ. ಹಾಸ್ಯಕ್ಕೆ ಆಡಿದ ಮಾತು. ಆದರೆ ಮೊಮ್ಮಗಳು ಬಿಡಲಿಲ್ಲ. ತಾತ ಅಟ್ಟಿದ ಜಿಂಕೆಯನ್ನು ಮೊದಲು ತೋರಿಸಬೇಕೆಂದು ಹಟ ಹಿಡಿದಳು. ಹೀಗಾಗಿ ಮಾರನೆಯ ದಿನ ನಸುಕಿನಲ್ಲಿ ಎಲ್ಲರೂ ಕಾರಿನಲ್ಲಿ ಮೈದನಹಳ್ಳಿಗೆ ಹೊರಟೆವು.

ಮೈದನಹಳ್ಳಿ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಸಮೀಪದಲ್ಲಿದೆ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರಿನಲ್ಲಿ ಇಲ್ಲಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಘೋಷಿತವಾಯಿತು. ಜಿಲ್ಲೆಯವರಲ್ಲಿಯೇ ನೋಡಿದವರು ಕಡಮೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರು, ಸಿರಾದ ಬಳಿಯ ಕಗ್ಗಲಡುವಿನಲ್ಲಿ ಊರಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಕಂಡವರು ಅನೇಕರಿದ್ದಾರೆ. ಮೈದನಹಳ್ಳಿಗೆ ಹೋಗಿದ್ದೀರಾ ಎಂದರೆ ಅಲ್ಲಿ ಏನಿದೆ ಎಂದು ಕೇಳುತ್ತಾರೆ. ಏನೂ ಇಲ್ಲ, ಹುಲ್ಲು ಮಾತ್ರ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬರೆಯುವ ಹಳೆಯ ಚಾಳಿ ನಮ್ಮ ಕಂದಾಯದ ಪುಸ್ತಕಗಳಿಂದ ನಮ್ಮ ತಲೆಗೂ ಇಳಿದಿದೆ. ಸೆರೆಂಗೆಟಿ ಎಂಬುದಕ್ಕೆ ಮಾಸಾಯಿ ಭಾಷೆಯಲ್ಲಿ ಕೊನೆಯಿಲ್ಲದ ಬಯಲು ಎಂದು ಅರ್ಥ ಹೇಳುತ್ತಾರೆ. ಅಲ್ಲಿಯ ಬಯಲಿಗೆ ಡಾಲರು ತೆರಲು ಸಿದ್ಧರಾಗುವ ನಾವು ಇಲ್ಲಿಯ ಬಯಲನ್ನು ಕಂಡರೆ ನೀಲಗಿರಿ ನೆಡುವ ಯೋಚನೆ ಮಾಡುತ್ತೇವೆ.

ಇಬ್ಬನಿ ಇನ್ನೂ ಆರಿರಲಿಲ್ಲ. ಅರಣ್ಯ ಇಲಾಖೆಯ ವೀಕ್ಷಣಾ ಗೋಪುರವನ್ನು ಅಣ್ಣ ಹತ್ತಲಾರ. ಕೆಳಗೆ ಕಾರಿನ ಬಾಗಿಲನ್ನು ತೆರೆದುಕೊಂಡು ಕುಳಿತ. ನಿಜ ಹೇಳುವುದಾದರೆ ಮೊದಲು ಕಂಡವನು ಆತನೇ. ಬಿಳಿ ಹೊಟ್ಟೆಯ ಕಂದು ಹೆಣ್ಣುಗಳ ಹಿಂಡೊಂದು, ಮೂವತ್ತಕ್ಕೆ ಕಡಮೆಯಿಲ್ಲ, ತಲೆ ತಗ್ಗಿಸಿ ಮೇಯುತ್ತಿತ್ತು. ಒಂದು ಗಂಡು ಮಾತ್ರ ಕಾಡಿಗೆ ಬಳಿದಂತೆ ಕಪ್ಪು; ತಿರುಚಿದ ಕೊಂಬುಗಳನ್ನು ಬೆನ್ನಿನ ಮೇಲೆ ಒರಗಿಸಿ, ಮೂಗನ್ನು ಆಕಾಶಕ್ಕೆತ್ತಿ, ಮದುವಣಿಗನ ಬಿಗುಮಾನದಲ್ಲಿ ಹಿಂಡನ್ನು ಸುತ್ತುತ್ತಿತ್ತು. ಎಲ್ಲಿಯೋ ಒಂದು ನಾಯಿ ಬೊಗಳಿತು. ಆ ಒಂದು ಸದ್ದಿಗೆ ಇಡೀ ಹಿಂಡು ನೆಲದಿಂದ ಪುಟಿದೆದ್ದಿತು. ಮೊದಲು ನಾಲ್ಕು ಕಾಲುಗಳನ್ನೂ ಒಟ್ಟಿಗೆ ಎತ್ತಿ ನೆಗೆತ, ಅನಂತರ ಓಟ. ಗಂಟೆಗೆ ಎಂಬತ್ತು ಕಿಲೋಮೀಟರಿಗೆ ಹತ್ತಿರದ ವೇಗ ಅದರದು. ಕಣ್ಣು ಮಿಟುಕಿಸುವುದರೊಳಗೆ ಬಯಲು ಬರಿದಾಯಿತು.

ಮೊಮ್ಮಗಳು ಗೋಪುರದಿಂದ ಇಳಿದು ಬಂದು, "ಚಿಕ್ಕತಾತ, ನಾಯಿಗೆ ಹೆದರಿ ಇಷ್ಟು ವೇಗ ಏಕೆ? ನಾಯಿ ಅಷ್ಟು ಓಡುವುದೇ ಇಲ್ಲವಲ್ಲ" ಎಂದಳು.

ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನಿಗೆ ಈ ಪ್ರಶ್ನೆಗೆ ಉತ್ತರ ಹೇಳುವ ಅವಕಾಶ ಸಿಕ್ಕಿದ್ದು ಭಾಗ್ಯವೇ ಸರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ರಾಜರ ಬೇಟೆಗಳ ವರ್ಣನೆಯಿದೆ. ಪಳಗಿಸಿದ ಚೀತಾಗಳನ್ನು ಬಿಟ್ಟು ಜಿಂಕೆಗಳನ್ನು ಹಿಡಿಸುವ ಬೇಟೆಯೂ ಅದರಲ್ಲಿ ಬರುತ್ತದೆ. ಆ ಪ್ರಾಣಿಗೆ ನಮ್ಮ ಹಿರಿಯರು ಇಟ್ಟ ಹೆಸರು ಸಿವಂಗಿ. ಚಿರತೆಯಲ್ಲ; ಅದಕ್ಕಿಂತ ತೆಳುಮೈ, ನೀಳಕಾಲು, ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಹರಿದಂತೆ ಕಪ್ಪುಗೆರೆ. ತೋಳ ದಣಿಸಿ ಹಿಡಿಯುವ ಪ್ರಾಣಿ. ಸಿವಂಗಿ ಕೆಲವು ನೂರು ಮಾರುಗಳಲ್ಲಿ ಮಿಂಚಿನಂತೆ ಎರಗುವ ಪ್ರಾಣಿ. ಸಾವಿರಾರು ವರ್ಷ ಅದರ ಎದುರಿಗೆ ಓಡಿ ಓಡಿ ಕೃಷ್ಣಮೃಗಕ್ಕೆ ಈ ಕಾಲು ಬಂದಿದೆ. ಓಡಿಸುತ್ತಿದ್ದದ್ದು ಈಗಿಲ್ಲ, ಓಟ ಉಳಿದಿದೆ. ಭಾರತದ ಕೊನೆಯ ಮೂರು ಸಿವಂಗಿಗಳನ್ನು ಇಂದಿನ ಛತ್ತೀಸಗಢದ ಕೊರಿಯಾ ಸಂಸ್ಥಾನದಲ್ಲಿ 1947ರಲ್ಲಿ ಕೊಂದರೆಂದು ಹೇಳಲಾಗುತ್ತದೆ. 1952ರಲ್ಲಿ ಸರ್ಕಾರವೇ ಅವು ನಶಿಸಿದುವೆಂದು ಸಾರಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟನ್ನೂ, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡನ್ನೂ ತಂದು ಮಧ್ಯಪ್ರದೇಶದ ಕೂನೋ ಅರಣ್ಯದಲ್ಲಿ ಬಿಟ್ಟ ಸುದ್ದಿಯನ್ನು ವಾಚಕರು ಓದಿರಬಹುದು.

"ಹಾಗಾದರೆ ಆಫ್ರಿಕಾದಲ್ಲಿ ಸಿವಂಗಿಯನ್ನೇ ನೋಡೋಣ" ಎಂದಳು ಹುಡುಗಿ. ಹಿಂದಿರುಗುವಾಗ ಕಾರಿನಲ್ಲಿ ಬೇರೆ ಮಾತಿಲ್ಲ. ಪ್ರಯಾಣಕ್ಕೆ ಒಂದು ಉದ್ದೇಶ ಸಿಕ್ಕಿತ್ತು.

ಸಿವಂಗಿಯನ್ನು ನೋಡಲು ಮರಗಿಡ ವಿರಳವಾದ ಬಯಲು ಬೇಕು. ಹಾಗಾಗಿ ಮಾರಾ ಅಥವಾ ಸೆರೆಂಗೆಟಿಯೇ ಶ್ರೇಷ್ಠ. ಕೀನ್ಯಾದ ಪರವಾಗಿ ಹೇಳಬಹುದಾದದ್ದು ಇನ್ನೂ ಇದೆ. ಮುಂಬಯಿಯಿಂದ ನೈರೋಬಿಗೆ ವಿಮಾನದಲ್ಲಿ ಆರು ಗಂಟೆಯ ದಾರಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಾಸಿದವರು ಭಾರತದಿಂದ ಹೋದ ಸಾವಿರಾರು ಕೂಲಿಗಳು. 1898ರಲ್ಲಿ ತ್ಸಾವೋ ಎಂಬಲ್ಲಿ ಎರಡು ನರಭಕ್ಷಕ ಸಿಂಹಗಳಿಗೆ ತುತ್ತಾದವರಲ್ಲಿ ಅವರೂ ಸೇರಿದ್ದರು. ಅವರ ಬೆನ್ನಿಗೆ ವ್ಯಾಪಾರಕ್ಕೆ ಬಂದು ನೆಲೆಸಿದ ಗುಜರಾತಿಗಳ ದೆಸೆಯಿಂದ ಶಾಕಾಹಾರಿಗಳಿಗೆ ಅಲ್ಲಿ ಊಟಕ್ಕೆ ತೊಂದರೆಯಿಲ್ಲ. ಅತ್ತಿಗೆಗೆ ಈ ಮಾತು ಬಹಳ ಸಮಾಧಾನ ಕೊಟ್ಟಿತು.

ಆದರೆ ಎರಡು ಅಡ್ಡಿಗಳಿದ್ದುವು. ವಿದೇಶ ಪ್ರವಾಸಕ್ಕೆ ಹಿರಿಯರನ್ನು ಕರೆದೊಯ್ಯುವ ಮನೆಗಳವರು ಇವನ್ನು ಲಕ್ಷ್ಯಕೊಟ್ಟು ಓದಬೇಕೆಂದು ವಿನಂತಿ.

ಮೊದಲನೆಯದು ಕಾಲ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ. ಪೂರ್ವ ಆಫ್ರಿಕಾದ ದೊಡ್ಡ ಮಳೆಗಾಲ ಮಾರ್ಚಿಯಿಂದ ಮೇ ತಿಂಗಳವರೆಗೆ. ಮಣ್ಣಿನ ದಾರಿಗಳು ಕೆಸರಾಗುತ್ತವೆ, ಹುಲ್ಲು ಎದೆಯೆತ್ತರ ಬೆಳೆದು ಮೃಗಗಳು ಮರೆಯಾಗುತ್ತವೆ. ನದಿ ಹಾಯುವ ದೃಶ್ಯ ಜುಲೈನಿಂದ ಅಕ್ಟೋಬರ್ ವರೆಗಿನದು. ಆಗ ಹೋಗೋಣವೆಂದರೆ ಶಾಲೆ. ದಸರೆಯ ರಜೆಗೆ ಕಾಯೋಣವೆಂದರೆ ಖರ್ಚು. ಮಾರಾದ ಪ್ರವೇಶಶುಲ್ಕವೊಂದೇ 2024ರಿಂದ ಪರದೇಶದ ಪ್ರೌಢರಿಗೆ ದಿನಕ್ಕೆ ಜನವರಿಯಿಂದ ಜೂನ್ ವರೆಗೆ 100 ಡಾಲರ್, ಜುಲೈನಿಂದ 200 ಡಾಲರ್. ಬೇಸಿಗೆಯಲ್ಲಿ ರಿಯಾಯಿತಿ ದರದ ಜಾಹೀರಾತು ಕಂಡು ಮುಂಗಡ ಕೊಡುವವರಿಗೆ ಆ ರಿಯಾಯಿತಿ ಮಳೆಯ ಸಲುವಾಗಿ ಎಂಬುದನ್ನು ಯಾರೂ ಹೇಳುವುದಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಕೀನ್ಯಾದಿಂದ ಭಾರತಕ್ಕೆ ಹಿಂದಿರುಗುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲವಾದರೆ ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಸ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುವ ಈ ಲಸಿಕೆ ಪಡೆದ ಹತ್ತು ದಿನಗಳ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಒಮ್ಮೆ ಪಡೆದರೆ ಜೀವಮಾನಕ್ಕೆ ಸಾಕು. ಚಿಕ್ಕವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಅರುವತ್ತು ದಾಟಿದವರಿಗೆ ಮೊದಲ ಬಾರಿ ಈ ಲಸಿಕೆ ಹಾಕಿದಾಗ ತೀವ್ರ ದುಷ್ಪರಿಣಾಮದ ಸಂಭವ, ಬಹಳ ಅಪರೂಪವೇ ಆದರೂ, ಕಿರಿಯರಿಗಿಂತ ಹೆಚ್ಚು. ಅಣ್ಣನನ್ನು ಬಹುಕಾಲದಿಂದ ನೋಡುತ್ತಿರುವ ವೈದ್ಯರು ಕಾಗದಗಳನ್ನೆಲ್ಲ ತಿರುವಿ ಹಾಕಿ, ಹೋಗಲೇಬೇಕಾದ ಕಾರ್ಯವಾದರೆ ಯೋಚಿಸೋಣ, ವಿನೋದದ ಪ್ರವಾಸಕ್ಕಾಗಿ ಈ ವಯಸ್ಸಿನಲ್ಲಿ ನಾನು ಹೇಳಲಾರೆ ಎಂದರು.

ಅಂದಿನ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಣ್ಣ ಸಹಜವಾಗಿಯೇ, "ನೀವು ನಾಲ್ವರು ಹೋಗಿ ಬನ್ನಿ. ನಾವು ಇಲ್ಲೇ ದನ ನೋಡಿಕೊಂಡಿರುತ್ತೇವೆ" ಎಂದುಬಿಟ್ಟ. ಅತ್ತಿಗೆ ಏನೂ ಹೇಳದೆ ಒಳಗೆ ಹೋದರು. ಆ ಮೌನವನ್ನು ಮಗನಿಂದ ತಾಳಲಾಗಲಿಲ್ಲ. "ಅಪ್ಪ, ನನ್ನ ಇಪ್ಪತ್ತು ವರ್ಷದ ಸಂಪಾದನೆಯಲ್ಲಿ ನೀವು ಒಮ್ಮೆಯೂ ನನ್ನ ಹಣದಲ್ಲಿ ಬಸ್ಸಿನ ಟಿಕೆಟು ಸಹ ಕೊಂಡಿಲ್ಲ" ಎಂದ. ನಾನು ಅಣ್ಣನ ಮುಖವನ್ನು ನೋಡಿದೆ. ಕೊಡುವ ಮಗನಿಗೆ ಬೇಡವೆನ್ನುವುದನ್ನು ಆತ ಇಷ್ಟು ದಿನ ಮಿತವ್ಯಯವೆಂದು ತಿಳಿದಿದ್ದ. ಮಗನಿಗೆ ಅದು ನೋವೆಂದು ಅಂದೇ ಗೊತ್ತಾದದ್ದು.

ಮಾರನೆಯ ದಿನ ನಾನು ಭೂಪಟವನ್ನು ಮತ್ತೆ ಬಿಡಿಸಿ, ಲೆಕ್ಕವನ್ನು ಹಿಂದುಮುಂದು ಮಾಡಿ ನೋಡೋಣವೆಂದೆ. ಶ್ರೇಷ್ಠವಾದ ಸ್ಥಳ ಯಾವುದೆಂದು ಹುಡುಕಿ ಅದಕ್ಕೆ ಮುದುಕರನ್ನು ಹೊಂದಿಸುವುದಲ್ಲ. ಅಣ್ಣನ ಮಂಡಿ, ಚಿಕ್ಕ ಹುಡುಗನ ಏಳು ವರ್ಷ, ಇವೆರಡಕ್ಕೂ ಒಗ್ಗುವ ಸ್ಥಳ ಯಾವುದು? ಜಾತ್ರೆಗೆ ಗಾಡಿ ಕಟ್ಟುವಾಗ ನಡೆಯಲಾರದವರನ್ನು ಮೊದಲು ಕೂರಿಸಿ ಮಿಕ್ಕವರು ಅಕ್ಕಪಕ್ಕ ಕೂರುತ್ತಿದ್ದ ಕ್ರಮವೇ ಇದು.

ಹಾಗೆ ನೋಡಿದಾಗ ಟಾಂಜಾನಿಯಾ ಬೇಗ ಬಿಟ್ಟುಹೋಯಿತು. ಗೊರೊಂಗೊರೊ ಅಪೂರ್ವ ಸ್ಥಳ: ಆರುನೂರು ಮೀಟರ್ ಆಳದ ಜ್ವಾಲಾಮುಖಿಯ ಬಟ್ಟಲಿನಲ್ಲಿ ಸುಮಾರು 260 ಚದರ ಕಿಲೋಮೀಟರಿನ ಮೃಗಲೋಕ. ಆದರೆ ಅಲ್ಲಿಯೂ ಮೇ ತಿಂಗಳು ಮಳೆ. ದಿನಗಟ್ಟಲೆ ಕುಲುಕುವ ದಾರಿ.

ಉಳಿದದ್ದು ದಕ್ಷಿಣ ಆಫ್ರಿಕಾ. ಅದು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿಲ್ಲ. ಹೋಗುವಾಗ ಬರುವಾಗ ವಿಮಾನ ಎಲ್ಲಿ ನಿಲ್ಲುತ್ತದೆಂಬುದನ್ನು ಮಾತ್ರ ವಿಚಾರಿಸಬೇಕು. ಆ ಜ್ವರದ ದೇಶದ ಮೇಲೆ ಹಾದುಹೋಗದೆ ಕೊಲ್ಲಿಯ ನಾಡುಗಳ ಮಾರ್ಗ ಹಿಡಿದರೆ ಚಿಂತೆಯಿಲ್ಲ. ಭೂಮಧ್ಯರೇಖೆಯ ಆಚೆಯದಾದ್ದರಿಂದ ಅಲ್ಲಿ ಋತುಗಳು ತಿರುಗುಮುರುಗು: ನಮಗೆ ಮೇ ತಿಂಗಳ ಧಗೆಯಾದರೆ ಅವರಿಗೆ ಮಳೆ ಮುಗಿದು ಚಳಿ ಆರಂಭವಾಗುವ ಕಾಲ. ಹುಲ್ಲು ಒಣಗಿ ಬಾಗುತ್ತದೆ, ಮೃಗಗಳು ನೀರಿನ ಕಡೆಗೆ ಬರತೊಡಗುತ್ತವೆ. ನಮ್ಮ ಶಾಲೆಯ ರಜೆಗೂ ಆ ನೆಲದ ಋತುವಿಗೂ ಹೊಂದಿಕೆ ತಾನಾಗಿ ಬಂದಿತು.

ಕ್ರೂಗರ್ ಹೆಸರಾಂತದ್ದು. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅದರ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಯ ಇಮ್ಮಡಿಗೆ ತುಸು ಕಡಮೆ. ಆದರೆ ಅಲ್ಲಿ ಮಲೇರಿಯಾ ಉಂಟು. ಚಿಕ್ಕ ಹುಡುಗನಿಗೂ ಸಕ್ಕರೆ ಕಾಯಿಲೆಯ ಮುದುಕನಿಗೂ ಮತ್ತೊಂದು ಮಾತ್ರೆಯ ಹೊರೆ ಏಕೆ? ಹೀಗೆ ಜರಡಿ ಹಿಡಿಯುತ್ತ ಕೊನೆಗೆ ನಿಂತದ್ದು ಪಿಲಾನೆಸ್‌ಬರ್ಗ್ ಎಂಬ, ನಾವಾರೂ ಕೇಳದ ಹೆಸರು. ಜೊಹಾನ್ಸ್‌ಬರ್ಗಿನಿಂದ ರಸ್ತೆಯಲ್ಲಿ ಎರಡೂವರೆ ಗಂಟೆ; ಮಲೇರಿಯಾ ಇಲ್ಲ. ನೂರಿಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಆರಿದ ಜ್ವಾಲಾಮುಖಿಯ ಬೇರು ಸವೆದು ಬಳೆಬಳೆಯಾಗಿ ನಿಂತ ಗುಡ್ಡಗಳ ನಡುವೆ 550 ಚದರ ಕಿಲೋಮೀಟರಿಗೆ ಮೀರಿದ ಕಾಡು. ಮುಖ್ಯ ದಾರಿಗಳಿಗೆ ಡಾಂಬರು. ಏಣಿ ಹತ್ತಬೇಕಾದ ತೆರೆದ ಜೀಪೇ ಆಗಬೇಕೆಂದಿಲ್ಲ. ಬಾಡಿಗೆ ವ್ಯಾನಿನಲ್ಲಿ ಕುಳಿತೇ ನೋಡಬಹುದು. ಸಿಂಹ, ಆನೆ, ಖಡ್ಗಮೃಗ, ಜಿರಾಫೆ ಎಲ್ಲ ಇವೆ. ಸಿವಂಗಿಗಳು ಬೆರಳೆಣಿಕೆಯಷ್ಟು, ಕಂಡರೆ ಕಂಡುವು.

ಒಂದು ಸಂಗತಿಯನ್ನು ಮರೆಮಾಚಬಾರದು. ಆ ಕಾಡು ಮೊದಲಿನಿಂದ ಕಾಡಾಗಿ ಉಳಿದದ್ದಲ್ಲ. 1979ರಲ್ಲಿ ಉದ್ಯಾನ ಮಾಡುವಾಗ ಅಲ್ಲಿದ್ದ ಒಕ್ಕಲುಗಳನ್ನು ಎಬ್ಬಿಸಿ, ಬೇಲಿ ಹಾಕಿ, ಸುಮಾರು ಆರು ಸಾವಿರ ಮೃಗಗಳನ್ನು ಬೇರೆಡೆಯಿಂದ ತಂದು ಬಿಟ್ಟರು. ಸೆರೆಂಗೆಟಿಯಿಂದಲೂ 1959ರಲ್ಲಿ ಮಾಸಾಯಿ ದನಗಾಹಿಗಳನ್ನು ಹೊರಗೆ ಕಳುಹಿಸಿದ್ದುಂಟು. ಇದನ್ನು ಓದಿ ಹೇಳಿದಾಗ ಅಣ್ಣ, "ಹಾಗಾದರೆ ಅದು ಯಾರದೋ ಹೊಲ" ಎಂದಷ್ಟೇ ಅಂದ. ಜಿಂಕೆ ಮೇಯ್ದ ಹೊಲದ ಒಡೆಯನಿಗೆ ಈ ಮಾತು ತೋರುತ್ತದೆ, ಪುಸ್ತಕ ಓದಿದ ನನಗೆ ತೋರಿರಲಿಲ್ಲ.

ಉಳಿದ ಸಿದ್ಧತೆಗಳನ್ನು ವಿಸ್ತರಿಸಲಾರೆ. ಇಷ್ಟಲಿಂಗಪೂಜೆಯ ವಿಷಯದಲ್ಲಿ ಮಾತ್ರ ಅನೇಕರು ಕೇಳಿದ್ದರಿಂದ ಎರಡು ಮಾತು. ಮೃಗಗಳನ್ನು ನೋಡಲು ನಸುಕಿನಲ್ಲಿಯೇ ವಾಹನ ಹೊರಡುತ್ತದೆ. ನಾಲ್ಕೂವರೆಗೆ ಎದ್ದವರಿಗೆ ಸ್ನಾನಪೂಜೆಗಳಿಗೆ ಧಾರಾಳವಾಗಿ ಸಮಯವಿದೆ, ಹಳ್ಳಿಯವರಿಗೆ ಅದೇನೂ ಹೊಸತಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆ ಸದ್ದು ಮಾಡುತ್ತದೆ. ನಾನು ದೆಹಲಿಗೆ ಹೋದಾಗ, ಇದು ಮೈಮೇಲಿನಿಂದ ತೆಗೆಯದ ಪೂಜಾವಸ್ತುವೆಂದು ಮೊದಲೇ ಹೇಳಿದ್ದಕ್ಕೆ ಬದಿಗೆ ಕರೆದು ಗೌರವದಿಂದಲೇ ನೋಡಿದರು. ಅಣ್ಣ ಬೆಳ್ಳಿಯದನ್ನು ಮನೆಯಲ್ಲಿಟ್ಟು ಬಟ್ಟೆಯ ವಸ್ತ್ರದಲ್ಲಿ ಲಿಂಗವನ್ನು ಕಟ್ಟಿಕೊಂಡ. ಚಟ್ನಿಪುಡಿ, ಒಣರೊಟ್ಟಿ ಜೊತೆಗೆ ಹೋದುವು. ತುಪ್ಪ, ಜೇನುತುಪ್ಪಗಳಿಗೆ ಹೊರದೇಶಗಳಲ್ಲಿ ನಿರ್ಬಂಧ ಇರುವುದರಿಂದ ಅತ್ತಿಗೆ ಮುಖ ಚಿಕ್ಕದು ಮಾಡಿಕೊಂಡು ಅವನ್ನು ಬಿಟ್ಟರು. ದನಗಳನ್ನು ನಾನು ನೋಡಿಕೊಂಡೆ. ಶಾಸ್ತ್ರ ಓದಿದವನ ಕೈಗೆ ಹಸು ಸೊರೆ ಬಿಡುವುದಿಲ್ಲವೆಂಬುದು ಆ ಹತ್ತು ದಿನಗಳಲ್ಲಿ ತಿಳಿಯಿತು.

ಅವರು ಮೇ ತಿಂಗಳ ಎರಡನೆಯ ವಾರದಲ್ಲಿ ಹೋಗಿಬಂದರು. ಸಿವಂಗಿ ಕಾಣಲಿಲ್ಲ. ಎರಡು ಬೆಳಗು ಒಂದು ಸಂಜೆ ಅದಕ್ಕಾಗಿಯೇ ಸುತ್ತಿದರಂತೆ. ದಾರಿ ತೋರಿಸುವವನು ಮರಳಿನ ಮೇಲೆ ಅದರ ಹೆಜ್ಜೆಯನ್ನು ತೋರಿಸಿದ. ಉಗುರುಗಳು ಚಿರತೆಯವುಗಳಂತೆ ಒಳಗೆ ಸರಿಯದೆ ನಾಯಿಯ ಹೆಜ್ಜೆಯಂತೆ ಅಚ್ಚಾಗಿದ್ದುವು. ಹುಡುಗಿ ಅದರ ಪಕ್ಕದಲ್ಲಿ ತನ್ನ ಅಂಗೈಯಿಟ್ಟು ಅಳತೆ ಬರೆದುಕೊಂಡಿದ್ದಾಳೆ.

ಆ ಗುಡ್ಡಗಳ ನಡುವೆ ಮಂಕ್ವೆ ಎಂಬ ಕಟ್ಟೆಯಿದೆ. ದಡದಲ್ಲಿ ಮರೆಯಾಗಿ ಕುಳಿತು ನೋಡಲು ಮರದ ಚಪ್ಪರ. ಮೂರನೆಯ ದಿನ ಮಕ್ಕಳು ಸಿಂಹವನ್ನು ಹುಡುಕಲು ಹೋದಾಗ ಮಂಡಿ ನೋಯುತ್ತಿದೆಯೆಂದು ಅಣ್ಣ ಅತ್ತಿಗೆಯೊಡನೆ ಅಲ್ಲಿಯೇ ಉಳಿದ. ಜಿರಾಫೆಯೊಂದು ನೀರಿಗೆ ಬಂದಿತಂತೆ. ಮುಂಗಾಲುಗಳನ್ನು ಅಗಲಿಸಿ, ಹೆದರಿ ಮತ್ತೆ ಕೂಡಿಸಿ, ಇನ್ನೊಮ್ಮೆ ಅಗಲಿಸಿ, ಅಷ್ಟೆತ್ತರದ ಪ್ರಾಣಿ ಒಂದು ಗುಟುಕು ನೀರಿಗೆ ಪಡುವ ಪಾಡನ್ನು ಇಬ್ಬರೂ ಅರ್ಧ ಗಂಟೆ ಉಸಿರು ಬಿಗಿಹಿಡಿದು ನೋಡಿದರು. "ಕೆರೆ ಹೇಗಿತ್ತು ಅತ್ತಿಗೆ?" ಎಂದು ಕೇಳಿದೆ. "ನಮ್ಮ ಕೆರೆ ತುಂಬಿದ ವರ್ಷ ಹೇಗಿರುತ್ತದೋ ಹಾಗೇ ಇತ್ತಪ್ಪ. ನಿಮ್ಮಣ್ಣ ಏರಿ ಯಾವ ಕಡೆ, ತೂಬು ಎಲ್ಲಿದೆ ಎಂದು ಹುಡುಕುತ್ತಿದ್ದರು" ಎಂದರು.

ಹುಡುಗಿ ದಸರೆಯ ರಜೆಗೆ ಬಂದವಳು ಮೊದಲ ದಿನವೇ ಮೈದನಹಳ್ಳಿಗೆ ಕರೆದೊಯ್ಯಲು ಹೇಳಿದಳು. ಆ ಅಳತೆಯ ಪುಸ್ತಕ ಕೈಯಲ್ಲಿತ್ತು. ಈ ಬಾರಿ ತಾತ ಕಾರಿನಲ್ಲಿ ಕುಳಿತಿರಲಿಲ್ಲ. ಕೋಲೂರಿಕೊಂಡು ಅವಳ ಜೊತೆಗೆ ಬಯಲಿನ ಅಂಚಿನವರೆಗೂ ನಡೆದ.